ಸೊನ್ನೆ ಬರೆಯಲು ಒಪ್ಪದ ಪುಟ

ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನೆಲನ್ನು ಬದಲಾಯಿಸುವ ಕೆಲಸ ಹೊರಗಿನವರಿಗೆ ಎಷ್ಟು ಸಪ್ಪೆಯೋ ಒಳಗಿನವರಿಗೂ ಅಷ್ಟೇ ಸಪ್ಪೆ, ಯಾವುದಾದರೊಂದು ಪರೀಕ್ಷೆ ಬಿದ್ದುಹೋಗುವವರೆಗೆ. ಬೆಂಗಳೂರಿನ ನಮ್ಮ ಸ್ಟೋರೇಜ್ ತಂಡ ಲಿನಕ್ಸ್ 4.19ರಲ್ಲಿದ್ದ ಸರ್ವರುಗಳನ್ನು 5.10ಕ್ಕೆ ಏರಿಸುತ್ತಿದ್ದ ಕಾಲ. ಒಂದು ಬೆಳಿಗ್ಗೆ ರಾತ್ರಿಯ ಪರೀಕ್ಷಾ ವರದಿ ತೆರೆದರೆ, ಹಳೆಯ ಕರ್ನೆಲಿನಲ್ಲಿ ತಕರಾರಿಲ್ಲದೆ ನಡೆದುಬಂದಿದ್ದ ದುರಸ್ತಿ ಪ್ರೋಗ್ರಾಮ್ ಇಐಒ (ಓದು-ಬರಹ ವಿಫಲವಾಯಿತೆಂಬ) ದೋಷ ತೋರಿಸಿ ಕೈಚೆಲ್ಲಿತ್ತು. ಅದು ಮಾಡಬೇಕಿದ್ದದ್ದು ಇಷ್ಟೇ: ಒಂದು ಫೈಲಿನ ನಡುವೆ ಕೆಟ್ಟುಹೋದ 512 ಬೈಟುಗಳ ಮೇಲೆ ಸೊನ್ನೆ ತುಂಬುವುದು.

“ಓದುವಾಗ ದೋಷ ಬಂದರೆ ಅರ್ಥವಾಗುತ್ತದೆ ಸರ್. ಸೊನ್ನೆ ಬರೆಯಲು ಏನು ಕಷ್ಟ ಇದಕ್ಕೆ?” ಎಂದರು ತಂಡದ ಕಿರಿಯ ಸಹೋದ್ಯೋಗಿ. ಪ್ರಶ್ನೆ ನ್ಯಾಯವಾಗಿಯೇ ಇತ್ತು. ಆ ದಿನವೆಲ್ಲ ನಾವಿಬ್ಬರೂ ಅದರ ಬೆನ್ನು ಹತ್ತಿದೆವು.

ಆ ಯಂತ್ರದಲ್ಲಿದ್ದದ್ದು ಆಪ್ಟೇನ್ ಪರ್ಸಿಸ್ಟೆಂಟ್ ಮೆಮೊರಿ. ಇಂಟೆಲ್ 2019ರಲ್ಲಿ ಮಾರುಕಟ್ಟೆಗೆ ತಂದು, 2022ರಲ್ಲಿ ಕೈಬಿಡುವುದಾಗಿ ಸಾರಿದ ಸರಕು ಅದು. ಮಾಮೂಲಿ ರ‍್ಯಾಮ್ ಪಟ್ಟಿಯಂತೆಯೇ ಮದರ್‌ಬೋರ್ಡಿನ ಸ್ಲಾಟಿನಲ್ಲಿ ಕೂರುತ್ತದೆ, ಒಂದೊಂದರಲ್ಲಿ 128, 256 ಇಲ್ಲವೇ 512 ಜಿಬಿ ಹಿಡಿಯುತ್ತದೆ, ವಿದ್ಯುತ್ ಹೋದರೂ ಬರೆದದ್ದು ಉಳಿಯುತ್ತದೆ. ಡ್ಯಾಕ್ಸ್ ಎಂಬ ವಿಧಾನದಲ್ಲಿ ಫೈಲ್ ಸಿಸ್ಟಮ್ ಮೌಂಟ್ ಮಾಡಿದರೆ, ಅಂದರೆ ಬಳಕೆಗೆ ಜೋಡಿಸಿದರೆ, ಫೈಲಿನ ಪ್ರತಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಪೇಜ್ ಕ್ಯಾಷ್ ಎಂಬ ದಲ್ಲಾಳಿ ನಡುವೆ ಇರುವುದಿಲ್ಲ. ಪ್ರೊಸೆಸರ್ ನೇರವಾಗಿ ಫೈಲಿನ ಬೈಟುಗಳಿಗೇ ಕೈಹಾಕುತ್ತದೆ. ವೇಗ ಬರುವುದು ಇದರಿಂದಲೇ, ತಲೆನೋವು ಬರುವುದೂ ಇದರಿಂದಲೇ.

ಸಾಮಾನ್ಯ ಮೆಮೊರಿಯಲ್ಲಿ ಸೊನ್ನೆ ತುಂಬುವುದೆಂದರೆ ಒಂದು ಮೆಮ್‌ಸೆಟ್ (ಮೆಮೊರಿಯ ಭಾಗವೊಂದನ್ನು ಒಂದೇ ಬೆಲೆಯಿಂದ ತುಂಬುವ ಕರೆ), ಅಲ್ಲಿಗೆ ಮುಗಿಯಿತು. ಇಲ್ಲಿ ಹಾಗಲ್ಲ. ಹಿಂದಿನ ಬಳಕೆದಾರನ ಮಾಹಿತಿ ಹೊಸಬನ ಕಣ್ಣಿಗೆ ಬೀಳಬಾರದೆಂಬುದು ಇದ್ದದ್ದೇ. ಅದರ ಜೊತೆಗೆ, ಬರೆದ ಸೊನ್ನೆ ಪ್ರೊಸೆಸರಿನ ಕ್ಯಾಷ್ ಎಂಬ ತಾತ್ಕಾಲಿಕ ಮೆಮೊರಿಯಲ್ಲೇ ಕುಳಿತಿದ್ದು ವಿದ್ಯುತ್ ಹೋದಾಗ ಮಾಯವಾದರೆ, ಅಳಿಸಿದೆವೆಂದುಕೊಂಡ ಹಳೆಯ ಮಾಹಿತಿ ಮತ್ತೆ ಎದ್ದು ಬರುತ್ತದೆ. ಆದ್ದರಿಂದ 64 ಬೈಟಿನ ಒಂದೊಂದು ಕ್ಯಾಷ್ ಸಾಲನ್ನೂ ಮೆಮೊರಿಯತ್ತ ತಳ್ಳಬೇಕು. ಇವೆರಡನ್ನೂ ಮೀರಿದ್ದು ಪಾಯ್ಸನ್. ತಿದ್ದಲಾಗದ ದೋಷ ಕಂಡ ಜಾಗಕ್ಕೆ ಹಾರ್ಡ್‌ವೇರ್ ಹಚ್ಚುವ ಗುರುತು ಅದು. ಅಲ್ಲಿ ಓದಲು ಹೋದ ಪ್ರೋಗ್ರಾಮಿಗೆ ಸಿಗ್‌ಬಸ್ ಎಂಬ ಮಾರಕ ಸಂಕೇತ ಬಡಿದು ಅದು ಅಲ್ಲೇ ಸಾಯುತ್ತದೆ. ಮೇಲಿನಿಂದ ಮೆಮ್‌ಸೆಟ್ ಮಾಡಿದರೆ ಈ ಗುರುತು ಹೋದೀತೆಂಬ ಭರವಸೆಯಿಲ್ಲ. ಆಪ್ಟೇನ್ ತನ್ನೊಳಗೆ 256 ಬೈಟುಗಳ ತುಂಡುಗಳಲ್ಲಿ ವ್ಯವಹರಿಸುತ್ತದೆ, ಪ್ರೊಸೆಸರ್ ಕಳುಹಿಸುವುದು 64. ಉಳಿದ 192 ಬೈಟುಗಳಲ್ಲಿ ಏನಿತ್ತೆಂದು ತಿಳಿಯಲು ಆ ಕೆಟ್ಟ ತುಂಡನ್ನೇ ಓದಬೇಕಲ್ಲ! ಹಾಗಾಗಿ ಗುರುತು ಅಳಿಸಲು ಈ ಮೆಮೊರಿಯನ್ನು ನಡೆಸುವ ಪಿಮೆಮ್ ಡ್ರೈವರ್, ಎಸಿಪಿಐ ಎಂಬ ಸಂಪರ್ಕದ ಮೂಲಕ, ಹಾರ್ಡ್‌ವೇರಿನೊಳಗಿನ ತಂತ್ರಾಂಶವಾದ ಫರ್ಮ್‌ವೇರಿಗೆ ಪ್ರತ್ಯೇಕ ಆಜ್ಞೆ ಕೊಡುತ್ತದೆ. ಸೊನ್ನೆ ಡ್ರೈವರಿನ ಕೈಯಿಂದ ಹೋದರೆ ಜಾಗ ಗುಣವಾಗುತ್ತದೆ. ಬೇರೆ ದಾರಿಯಲ್ಲಿ ಹೋದರೆ ಇಲ್ಲ.

ಎರಡೂ ಕರ್ನೆಲುಗಳಲ್ಲಿ ಡ್ಯಾಕ್ಸಿನ ಕೋಡ್ ಇರುವ ಕಡತವನ್ನು ಅಕ್ಕಪಕ್ಕ ಇಟ್ಟುಕೊಂಡು ಕುಳಿತಾಗ ವಿಷಯ ಬಿಚ್ಚಿಕೊಂಡಿತು. 4.19ರಲ್ಲಿ ಸೊನ್ನೆ ತುಂಬಬೇಕಾದ ಭಾಗದ ಆರಂಭವೂ ಉದ್ದವೂ ಸೆಕ್ಟರ್ ಎಂಬ ಸಂಗ್ರಹದ ತುಂಡಿನ ಅಳತೆಗೆ ಸರಿಹೊಂದಿದರೆ, ಅಂದರೆ ನಮ್ಮಲ್ಲಿ 512 ಬೈಟಿಗೆ, ಕೆಲಸ ಬ್ಲಾಕ್ ಪದರದ (ಡಿಸ್ಕಿನಂಥ ಸಾಧನಗಳಿಗೆ ಓದು-ಬರಹ ಸಾಗಿಸುವ ಕರ್ನೆಲಿನ ಭಾಗ) ಮೂಲಕ ಡ್ರೈವರಿಗೆ ಹೋಗುತ್ತಿತ್ತು. 2020ರ 5.7ರಲ್ಲಿ ಈ ದಾರಿ ಮುಚ್ಚಿತು. ಪುಟವನ್ನು, ಅಂದರೆ ಕರ್ನೆಲ್ ಮೆಮೊರಿಯನ್ನು ಲೆಕ್ಕವಿಡುವ ತುಂಡನ್ನು, ಸೊನ್ನೆ ಮಾಡಲೆಂದೇ ಡ್ರೈವರಿನಲ್ಲಿ ಹೊಸ ಕರೆಯೊಂದು ಬಂದಿತು, ಆದರೆ ಅದರ ಬಾಗಿಲು ತೆರೆಯುವುದು 4096 ಬೈಟುಗಳ ಪೂರ್ತಿ ಪುಟಕ್ಕೆ ಮಾತ್ರ. (ಅದೂ ಒಮ್ಮೆಗೆ ಒಂದೇ ಪುಟ; ಎರಡು ಕೇಳಿದರೆ 5.10ರಲ್ಲಿ ಅದಕ್ಕೂ ಇಐಒ.) ಪುಟಕ್ಕಿಂತ ಸಣ್ಣದಾದರೆ ಕರ್ನೆಲ್ ತಾನೇ ಮೆಮ್‌ಸೆಟ್ ಮಾಡಲು ವಿಳಾಸ ಕೇಳುತ್ತದೆ. ವಿಳಾಸ ಕೊಡುವ ಮುನ್ನ ಡ್ರೈವರ್ ಕೆಟ್ಟ ಸೆಕ್ಟರುಗಳ ಪಟ್ಟಿ ನೋಡುತ್ತದೆ, ಆ ಪುಟದಲ್ಲಿ ಒಂದೇ ಒಂದು ಕೆಟ್ಟ ಸೆಕ್ಟರ್ ಇದ್ದರೂ ಇಐಒ ಎನ್ನುತ್ತದೆ. ನಮ್ಮ ಪ್ರೋಗ್ರಾಮ್ ಆ ಪಟ್ಟಿಯನ್ನೇ ಓದಿ, 512ರ ಲೆಕ್ಕದಲ್ಲಿ ಸರಿಯಾಗಿಯೇ ಕೇಳುತ್ತಿತ್ತು. ಕೇಳುವ ಅಳತೆ ಹಾಗೇ ಇತ್ತು, ಬಾಗಿಲಿನ ಅಳತೆ ಬದಲಾಗಿತ್ತು.

“ಒಂದು ಇಡ್ಲಿ ಹಳಸಿದೆಯೆಂದು ಇಡೀ ತಟ್ಟೆಯನ್ನು ಚೆಲ್ಲಬೇಕೇ?” ಎಂದು ಸಹೋದ್ಯೋಗಿ ಸಿಡುಕಿದರು. ಪುಟದಲ್ಲಿ ಎಂಟು ಸೆಕ್ಟರುಗಳಿವೆ. ಏಳು ಚೆನ್ನಾಗಿರುವಾಗ ಪೂರ್ತಿ ಸೊನ್ನೆ ಮಾಡುವುದು ನನಗೂ ಮೊದಲು ಹಿಡಿಸಲಿಲ್ಲ. ಆದರೆ ಯೋಚಿಸಿದಷ್ಟೂ ನಾನು ಕರ್ನೆಲಿನ ಪಕ್ಷ ವಹಿಸತೊಡಗಿದೆ. ಮಷಿನ್ ಚೆಕ್ (ಪ್ರೊಸೆಸರ್ ವರದಿ ಮಾಡುವ ಹಾರ್ಡ್‌ವೇರ್ ದೋಷ) ಎದ್ದಾಗ ಕರ್ನೆಲ್ ತನ್ನ ನಕ್ಷೆಯಿಂದ ದೂರ ಇಡುವುದು ಪೂರ್ತಿ ಪುಟವನ್ನು, ಸೆಕ್ಟರನ್ನಲ್ಲ; ಮರಳಿ ಸೇರಿಸಿಕೊಳ್ಳಬೇಕಾದರೂ ಪೂರ್ತಿ ಪುಟ ಶುದ್ಧವಾಗಿರಬೇಕು. ಇನ್ನೂ ದೊಡ್ಡ ಕಾರಣವೆಂದರೆ, ಹಳೆಯ ಕರ್ನೆಲ್ ಮಾಡುತ್ತಿದ್ದದ್ದು ಒಂದು ಬಗೆಯ ಮೌನದ ದುರಸ್ತಿ. ಕಳೆದುಹೋದ ಮಾಹಿತಿಯ ಜಾಗದಲ್ಲಿ ಸೊನ್ನೆ ಕೂರಿಸಿ ಗುರುತನ್ನೂ ಅಳಿಸಿದರೆ, ಮುಂದೆ ಓದುವ ಡೇಟಾಬೇಸಿಗೆ ಅಲ್ಲಿ ಏನೋ ಸತ್ತಿತ್ತೆಂದು ತಿಳಿಯುವ ಬಗೆಯೇ ಇಲ್ಲ. ಖಾತೆಯ ಬಾಕಿ ಸೊನ್ನೆ ಎಂದರೆ ಸೊನ್ನೆಯೇ ಎಂದು ಅದು ನಂಬುತ್ತದೆ. ಇಐಒ ಕಿರಿಕಿರಿ ಕೊಡುತ್ತದೆ, ಸುಳ್ಳು ಹೇಳುವುದಿಲ್ಲ.

ಮಧ್ಯಾಹ್ನ ಉಳಿದದ್ದು ಆ ಏಳು ಸೆಕ್ಟರುಗಳ ಪ್ರಶ್ನೆ. ಫೈಲಿನ ಮೂಲಕ ಓದಿ ಪಕ್ಕಕ್ಕಿಡೋಣವೆಂದರೆ ಅದಕ್ಕೂ ಇಐಒ: ಓದುವ ದಾರಿಯೂ ಪುಟದ ಲೆಕ್ಕದಲ್ಲೇ ಪಟ್ಟಿ ನೋಡುತ್ತದೆ. ಫೈಲ್ ಸಿಸ್ಟಮನ್ನು ಬಿಟ್ಟು ಅದರಡಿಯ ಬ್ಲಾಕ್ ಸಾಧನದಿಂದ ನೇರವಾಗಿ, ಪೇಜ್ ಕ್ಯಾಷನ್ನು ಬದಿಗಿಡುವ ಡೈರೆಕ್ಟ್ ಐಒ ಬಳಸಿ 512ರಂತೆ ಓದಿದಾಗ ಮಾತ್ರ ಏಳು ಸೆಕ್ಟರುಗಳು ಒಂದೊಂದಾಗಿ ಬಂದವು, ಕೆಟ್ಟದ್ದೊಂದು ಮಾತ್ರ ತಿರಸ್ಕೃತವಾಯಿತು. ಆ 3584 ಬೈಟುಗಳನ್ನು ಬೇರೊಂದು ಡಿಸ್ಕಿಗೆ ಬರೆದು ಭದ್ರಪಡಿಸಿಕೊಂಡೆವು, ಏಕೆಂದರೆ ಮುಂದಿನ ಹೆಜ್ಜೆಯ ನಡುವೆ ವಿದ್ಯುತ್ ಹೋದರೆ ಒಳ್ಳೆಯದೂ ಹೋದಂತೆಯೇ.

ಫೈಲಿನಲ್ಲಿ ಪೂರ್ತಿ ಪುಟವನ್ನು ಸೊನ್ನೆ ಮಾಡಲು ಹೇಳಿದಾಗ ಆಜ್ಞೆ ತಕ್ಷಣ ಒಪ್ಪಿತು. ಓದಿದರೆ ಸೊನ್ನೆಗಳೇ. ಸಹೋದ್ಯೋಗಿ ಖುಷಿಯಿಂದ ಕೆಟ್ಟ ಸೆಕ್ಟರುಗಳ ಪಟ್ಟಿ ತೆರೆದರು: ಆ ಸೆಕ್ಟರ್ ಇನ್ನೂ ಅಲ್ಲೇ ಇತ್ತು! ಇದು ನಮ್ಮ ಫೈಲ್ ಸಿಸ್ಟಮ್ ಆದ ಇಎಕ್ಸ್‌ಟಿ4ರ ಜಾಣತನ. ಅದು ಮೆಮೊರಿಯನ್ನು ಮುಟ್ಟಿಯೇ ಇರಲಿಲ್ಲ. ಈ ಬ್ಲಾಕಿಗೆ ಇನ್ನೂ ಏನೂ ಬರೆದಿಲ್ಲವೆಂದು ತನ್ನ ಲೆಕ್ಕದ ಪುಸ್ತಕದಲ್ಲಿ ಗುರುತು ಹಾಕಿಕೊಂಡು, ಕೇಳಿದವರಿಗೆ ಬಾಯಿಮಾತಿನ ಸೊನ್ನೆ ಕೊಡುತ್ತಿತ್ತು. ಉಳಿಸಿಟ್ಟ ಏಳು ಸೆಕ್ಟರುಗಳನ್ನು ಅವುಗಳ ಜಾಗಕ್ಕೆ ಮರಳಿ ಬರೆಯಲು ಹೋದಾಗಲೇ ಅದು ಎಚ್ಚೆತ್ತು, ಬ್ಲಾಕಿಗೆ ಬ್ಲಾಕ್ ಪದರದ ಮೂಲಕ ನಿಜವಾದ ಸೊನ್ನೆ ಕಳುಹಿಸಿತು. ಆಗ ಡ್ರೈವರ್ ಕೈಗೆ ಕೆಲಸ ಬಂದು ಪಟ್ಟಿ ಖಾಲಿಯಾಯಿತು.

ಡ್ರೈವರಿನ ಆ ತುಣುಕನ್ನು ಓದುವುದೇ ಒಂದು ಸುಖ. 5.10ರಲ್ಲಿ ಅದು ಕೆಟ್ಟ ಜಾಗಕ್ಕೆ ಎರಡು ಸಲ ಬರೆಯುತ್ತದೆ: ಗುರುತು ಅಳಿಸುವ ಮುಂಚೆ ಒಮ್ಮೆ, ಅಳಿಸಿದ ಮೇಲೆ ಮತ್ತೊಮ್ಮೆ. ಗುರುತು ಅಳಿಸುವಾಗ ಹಾರ್ಡ್‌ವೇರ್ ಒಳಗಿದ್ದ ಬೈಟುಗಳನ್ನು ಹಾಗೇ ಉಳಿಸಿಕೊಂಡರೆ ಮೊದಲಿನ ಬರಹ ಕಾಯುತ್ತದೆ, ಕೆಡಿಸಿಬಿಟ್ಟರೆ ಎರಡನೆಯದು. ಯಾವ ಹಾರ್ಡ್‌ವೇರನ್ನೂ ನಂಬದ ಇಂಥ ಅನುಮಾನ ನನಗೆ ಬಹಳ ಇಷ್ಟ. 2022ರಲ್ಲಿ ಫೈಲಿಗೆ ಬರೆಯುವಾಗಲೇ ಪಾಯ್ಸನ್ ತೆಗೆಯುವ ದಾರಿಯೂ ಕರ್ನೆಲಿಗೆ ಬಂದಿತು. ಅಲ್ಲಿಯೂ ಪುಟದ ಅಳತೆಗೆ ಹೊಂದದ ಬರಹಕ್ಕೆ ಪ್ರವೇಶವಿಲ್ಲ.

ಸಂಜೆಯ ಹೊತ್ತಿಗೆ ಪರ್ಸಿಸ್ಟೆಂಟ್ ಮೆಮೊರಿಯನ್ನು ನಿರ್ವಹಿಸುವ ಎನ್‌ಡಿಸಿಟಿಎಲ್ ಎಂಬ ಪ್ರೋಗ್ರಾಮ್ ಬಳಸಿ ಬೇಕೆಂದೇ ಅಲ್ಲಲ್ಲಿ ದೋಷ ಚುಚ್ಚಿ, ಹೊಸ ಕ್ರಮದ ಪ್ರೋಗ್ರಾಮನ್ನು ಓಡಿಸಿ ನೋಡಿದೆವು. ಅದು ಈಗ ದುರಸ್ತಿ ಮಾಡುವ ಮೊದಲು ಯಾವ ಫೈಲಿನ ಯಾವ 512 ಬೈಟುಗಳು ಕಳೆದುಹೋದವೆಂದು ದಾಖಲೆ ಬರೆಯುತ್ತದೆ. ಡೇಟಾಬೇಸಿನವರು ಆ ದಾಖಲೆ ಓದಿ ತಮ್ಮ ಪ್ರತಿಯಿಂದ ತುಂಬಿಕೊಂಡ ನಂತರವೇ ಫೈಲ್ ಮತ್ತೆ ಬಳಕೆಗೆ ಬರುತ್ತದೆ. ಕೆಟ್ಟ ಸೆಕ್ಟರ್ ಯಾವ ಫೈಲಿಗೂ ಸೇರದೆ ಫೈಲ್ ಸಿಸ್ಟಮಿನ ಸ್ವಂತ ಲೆಕ್ಕಪತ್ರವಾದ ಮೆಟಾಡೇಟಾದಲ್ಲಿ ಬಿದ್ದರೆ ಈ ಕ್ರಮ ಉಪಯೋಗಕ್ಕಿಲ್ಲ. ಅದಕ್ಕೆ ಮೌಂಟ್ ಬಿಚ್ಚಿ, ಬ್ಲಾಕ್ ಸಾಧನಕ್ಕೇ ಬರೆದು, ಆಮೇಲೆ ಫೈಲ್ ಸಿಸ್ಟಮ್ ತಪಾಸಣೆ ನಡೆಸಬೇಕು. ಆ ಭಾಗವನ್ನು ತಾವೇ ಬರೆಯುವುದಾಗಿ ಸಹೋದ್ಯೋಗಿ ಹೆಸರು ಹಾಕಿಕೊಂಡಿದ್ದಾರೆ.