ಎಚ್ಚರಿಕೆ ಬೇರೆ ಪುಟದಲ್ಲಿತ್ತು

ಶಿರಸಿಯ ಮನೆಯಲ್ಲೇ ಕುಳಿತು ಸಾಫ್ಟ್‌ವೇರ್ ಕಂಪನಿಯೊಂದಕ್ಕೆ ಡಾಕ್ಯುಮೆಂಟೇಶನ್, ಅಂದರೆ ಬಳಕೆಯ ಕೈಪಿಡಿ, ಬರೆಯುವುದು ನನ್ನ ಕೆಲಸ. ಊರಲ್ಲಿ ಯಾರಾದರೂ ಕೇಳಿದರೆ "ಕಂಪ್ಯೂಟರ್ ಕೆಲಸ" ಅಂದುಬಿಡುತ್ತೇನೆ. ಬಿಡಿಸಿ ಹೇಳಲು ಹೋದರೆ "ಅಂದ್ರೆ ಟೈಪಿಂಗಾ?" ಎಂಬಲ್ಲಿಗೆ ಬಂದು ನಿಲ್ಲುತ್ತದೆ.

ಕಳೆದ ಮಳೆಗಾಲದಲ್ಲಿ ಕೈಗೆ ಬಂದದ್ದು ಎಐ ಏಜೆಂಟ್‌ಗಳಿಗೆ (ಹೇಳಿದ ಕೆಲಸವನ್ನು ತಾವೇ ಹಂತಹಂತವಾಗಿ ಮಾಡುವ ಎಐ ಪ್ರೋಗ್ರಾಂಗಳಿಗೆ) ಬ್ಯಾಂಕ್ ಲಾಗಿನ್ ಮಾಡಿಸಿಕೊಡುವ ಒಂದು ಟೂಲ್. ಗ್ರಾಹಕರ ಪರವಾಗಿ ಏಜೆಂಟ್ ಬ್ಯಾಂಕಿನ ಸೈಟಿಗೆ ಹೋಗಿ ಸ್ಟೇಟ್‌ಮೆಂಟ್ ತರಬೇಕು, ಆದರೆ ಪಾಸ್‌ವರ್ಡ್ ಅದರ ಕಣ್ಣಿಗೆ ಬೀಳಬಾರದು. ನಮ್ಮ ದೇಶದಲ್ಲಿ ಸ್ಟೇಟ್‌ಮೆಂಟ್ ಹಂಚಿಕೊಳ್ಳಲು 2021ರಿಂದ ಅಕೌಂಟ್ ಅಗ್ರಿಗೇಟರ್ ವ್ಯವಸ್ಥೆ ಇದೆ. ಅಲ್ಲಿ ಒಪ್ಪಿಗೆ ಕೊಟ್ಟರೆ ಸಾಕು, ಪಾಸ್‌ವರ್ಡಿನ ಗೊಡವೆಯೇ ಇಲ್ಲ. ನಮ್ಮ ಟೂಲ್ ಅಂಥ ದಾರಿ ಇಲ್ಲದ ಹೊರದೇಶದ ಬ್ಯಾಂಕುಗಳಿಗೆ. ಗ್ರಾಹಕರು ಪಾಸ್‌ವರ್ಡನ್ನು ಟೂಲಿನ ಪರದೆಯಲ್ಲಿ ಒಮ್ಮೆ ಹಾಕುತ್ತಾರೆ, ಅದು ಎನ್‌ಕ್ರಿಪ್ಟ್ ಆಗಿ ಅಲ್ಲೇ ಉಳಿಯುತ್ತದೆ. ಏಜೆಂಟಿಗೆ ಸಿಗುವುದು ಪಾಸ್‌ವರ್ಡಿನ ಬದಲಿಗೆ ಒಳಗೆ ಬಿಡುವ ಚೀಟಿಯಂಥ ಒಂದು ಟೋಕನ್ ಮಾತ್ರ. ಅದೂ ಸ್ವಲ್ಪ ಹೊತ್ತಿನದು, ನೋಡುವುದಕ್ಕಷ್ಟೇ.

ಹದಿನೆಂಟು ಪುಟ ಬರೆದೆ. ನನ್ನ ಮಟ್ಟಿಗೆ ಚೆನ್ನಾಗಿಯೇ ಬರೆದಿದ್ದೆ.

ಪರೀಕ್ಷೆಯ ದಿನ ಮಳೆ ಬಿಡದೆ ಹೊಡೆಯುತ್ತಿತ್ತು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸಲು ಮರ ಹತ್ತುವ ಕೊನೆಗೌಡ ಬರಲಿಲ್ಲವೆಂದು ಅಪ್ಪಚ್ಚಿ (ಚಿಕ್ಕಪ್ಪ) ನಮ್ಮನೆ ಜಗುಲಿಯಲ್ಲಿ ಕವಳ ಹಾಕುತ್ತ ಕುಳಿತಿದ್ದ. ನಾನು ಟೆಸ್ಟ್ ಖಾತೆಯಲ್ಲಿ ಏಜೆಂಟನ್ನು ಓಡಿಸಿದೆ. ನನ್ನ ಡಾಕ್ಯುಮೆಂಟೇಶನ್ ಓದಿಕೊಂಡು ಅದು ಒಂದೊಂದೇ ಹಂತ ದಾಟಿತು. ಮೊಬೈಲಿಗೆ ಒಟಿಪಿ ಬಂತು. ಮರುಗಳಿಗೆ ಚಾಟಿನಲ್ಲಿ ಏಜೆಂಟ್ ಬಹಳ ವಿನಯದಿಂದ ಕೇಳಿತು: "ನಿಮಗೆ ಬಂದಿರುವ ಆರಂಕಿಯ ಒಟಿಪಿಯನ್ನು ಇಲ್ಲಿ ಟೈಪ್ ಮಾಡಿ."

ನಾನು ಮಾಡಿಯೂ ಬಿಟ್ಟೆ. ಲಾಗಿನ್ ಆಯಿತು. ಖುಷಿಯಲ್ಲಿ ಅಪ್ಪಚ್ಚಿಗೆ ತೋರಿಸಿದೆ. ಅವ ನನ್ನ ಮೊಬೈಲ್ ಎತ್ತಿಕೊಂಡು ಮೆಸೇಜನ್ನು ಕನ್ನಡಕದ ಕೆಳಗಿಂದ ಓದಿ, "ಯಾರಿಗೂ ಹೇಳಡ ಹೇಳಿ ಇದ್ರಲ್ಲೇ ಬರದ್ದು. ಮತ್ತೆ ಇದು ಎಂತಕ್ಕೆ ಕೇಳ್ತು?" ಅಂದ.

ಚಾಟಿಗೆ ಹಾಕಿದ್ದೆಲ್ಲ ಏಜೆಂಟಿನ ಹಿಂದಿರುವ ಎಐ ಮಾಡೆಲ್‌ಗೆ ಹೋಗುತ್ತದೆ, ದಾಖಲೆಯಾಗಿ (ಲಾಗ್) ಉಳಿಯುತ್ತದೆ. ಒಟಿಪಿ ಬೇಗ ಸಾಯುತ್ತದೆ, ನಿಜ. ಆದರೆ ಚಾಟಿನಲ್ಲಿ ಕೇಳಿದರೆ ಕೊಡಬಹುದು ಅಂತ ಗ್ರಾಹಕರಿಗೆ ನಾವೇ ಅಭ್ಯಾಸ ಮಾಡಿಸಿದಂತಾಯಿತಲ್ಲ. ನಾಳೆ ಮೋಸಗಾರ ಕೇಳಿದಾಗಲೂ ಅದೇ ಬೆರಳು ಅದೇ ಕೆಲಸ ಮಾಡುತ್ತದೆ.

ತಪ್ಪು ಎಲ್ಲಿ ಅಂತ ಹುಡುಕಿದರೆ, ಆರನೆಯ ಪುಟದಲ್ಲಿ ನನ್ನದೇ ಸಾಲು: ಒಟಿಪಿ ಪಡೆದು ಮುಂದಿನ ಹಂತಕ್ಕೆ ಹೋಗಿ. ಯಾರು ಪಡೆಯಬೇಕು, ಎಲ್ಲಿ ಹಾಕಬೇಕು ಎಂಬುದು ಆ ಸಾಲಿನಲ್ಲಿ ಇಲ್ಲ. "ಏಜೆಂಟ್ ಒಟಿಪಿ ಕೇಳಬಾರದು" ಅಂತ ನಾನು ಬರೆದಿರಲಿಲ್ಲವೇ? ಬರೆದಿದ್ದೆ, ಹದಿನೇಳನೆಯ ಪುಟದಲ್ಲಿ, ಸುರಕ್ಷತೆ ಎಂಬ ಶೀರ್ಷಿಕೆಯಡಿ. ಮನುಷ್ಯರಾದರೆ ಒಮ್ಮೆ ಎಲ್ಲ ಪುಟಗಳ ಮೇಲೆ ಕಣ್ಣಾಡಿಸುತ್ತಾರೆ (ಅಂತ ನಾವು ನಂಬಿದ್ದೇವೆ). ಏಜೆಂಟಿನ ಮುಂದೆ ಇದ್ದದ್ದು ಆ ಹಂತಕ್ಕೆಂದು ಅದು ಹುಡುಕಿದಾಗ ಸಿಕ್ಕ ತುಂಡು ಮಾತ್ರ. ಹದಿನೇಳನೆಯ ಪುಟ ಇದೆ ಅಂತಲೇ ಅದಕ್ಕೆ ಗೊತ್ತಿರಲಿಲ್ಲ.

ಅಪ್ಪಚ್ಚಿ ಕೊಳೆಯ ಔಷಧಿಯಾದ ಬೋರ್ಡೋ ದ್ರಾವಣ ಮಾಡಿಸುವಾಗ ಹೊಸ ಆಳಿಗೆ ಮೊದಲೇ ಹೇಳುವುದು ಒಂದೇ ಮಾತು: ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಕ್ಕಲ್ಲ. ಹೊಯ್ದಾದ ಮೇಲೆ ಹೇಳಿ ಏನು ಪ್ರಯೋಜನ?

ಹಾಗಾಗಿ ಆ ಸಾಲನ್ನು ಒಡೆದು ಬರೆದೆ. ಒಟಿಪಿಯನ್ನು ಗ್ರಾಹಕರೇ ಟೂಲಿನ ಪರದೆಯಲ್ಲಿ ಹಾಕುತ್ತಾರೆ. ಏಜೆಂಟ್ ಅದನ್ನು ಕೇಳಬಾರದು, ಗ್ರಾಹಕರು ತಾವಾಗಿ ಚಾಟಿಗೆ ಹಾಕಿದರೂ ಬಳಸಬಾರದು, ಪರದೆಯ ಕೊಂಡಿ ಕೊಟ್ಟು ಕಾಯಬೇಕು. ಎಲ್ಲವೂ ಅದೇ ಹಂತದಲ್ಲಿ, ಅದೇ ಪ್ಯಾರಾದಲ್ಲಿ. ಲಾಗಿನ್ ವಿಫಲವಾದರೆ ಏನು ಎಂಬ ಕಡೆಯಲ್ಲೂ ಇದೇ ಕಥೆ. ನಾನು "ಮತ್ತೆ ಪ್ರಯತ್ನಿಸಿ" ಅಂತಷ್ಟೇ ಬರೆದಿದ್ದೆ. ಮನುಷ್ಯರು ಎರಡು ಸಲ ನೋಡಿ ಬೇಸತ್ತು ಬಿಡುತ್ತಾರೆ, ಏಜೆಂಟಿಗೆ ಬೇಸರವೆಂಬುದಿಲ್ಲ. ಬ್ಯಾಂಕು ಖಾತೆಗೆ ಬೀಗ ಹಾಕುವವರೆಗೂ ಪ್ರಯತ್ನಿಸುತ್ತದೆ. ಈಗ ಅಲ್ಲಿ "ಪಾಸ್‌ವರ್ಡ್ ತಪ್ಪಿದ್ದರೆ ನಿಲ್ಲಿಸಿ, ಗ್ರಾಹಕರಿಗೆ ತಿಳಿಸಿ" ಅಂತಿದೆ.

ತಿದ್ದಿದ್ದನ್ನು ಕಳಿಸಿದಾಗ ನಮ್ಮ ಟೀಮಿನ ಹಿರಿಯ ಇಂಜಿನಿಯರ್ ಮೇಡಮ್ ಫೋನ್ ಮಾಡಿದರು. "ಸಾಲು ಚೆನ್ನಾಗಿದೆ, ಆದರೆ ನೀವು ಬರೆದದ್ದು ಬೋರ್ಡು. ಅಲ್ಲಿ ಗೇಟೇ ಇಲ್ಲ." ಏಜೆಂಟಿನಿಂದ ನೇರವಾಗಿ ಒಟಿಪಿ ತೆಗೆದುಕೊಳ್ಳುವ ಖಾನೆಯೊಂದು ಟೆಸ್ಟಿಂಗ್ ಕಾಲದಿಂದ ಟೂಲಿನಲ್ಲಿ ಹಾಗೇ ಉಳಿದಿತ್ತು. ನಾನು ಅದನ್ನು ಉದಾಹರಣೆ ಸಮೇತ, ಬಲು ಶ್ರದ್ಧೆಯಿಂದ ದಾಖಲಿಸಿದ್ದೆ! ಇದು ಯಾಕಿದೆ ಅಂತ ಒಂದು ಮಾತು ಕೇಳಿದ್ದರೆ ಅಂದೇ ಹೋಗುತ್ತಿತ್ತು. ಮರುದಿನ ಅವರು ಆ ಖಾನೆಯನ್ನೇ ಕಿತ್ತುಹಾಕಿದರು.

ಮುಂದಿನ ಪರೀಕ್ಷೆಯಲ್ಲಿ ಬೇಕೆಂದೇ ಒಟಿಪಿಯನ್ನು ಚಾಟಿಗೆ ಹಾಕಿದೆ. ಏಜೆಂಟ್ ಬೇಡವೆಂದು ಹೇಳಿ ಪರದೆಯ ಕೊಂಡಿ ಕೊಟ್ಟು ಕಾಯುತ್ತ ಕುಳಿತಿತು. ಅಷ್ಟರಲ್ಲಿ ಕರೆಂಟ್ ಹೋಯಿತು, ಇನ್ವರ್ಟರ್ ಕೂಗಿಕೊಂಡಿತು. ಹನ್ನೊಂದನೆಯ ಪುಟದ ಸ್ಕ್ರೀನ್‌ಶಾಟಿನಲ್ಲಿ ಆ ಹಳೆಯ ಖಾನೆ ಇನ್ನೂ ಕಾಣುತ್ತಿದೆ ಅಂತ ನೆನಪಾದದ್ದು ಆಗಲೇ.