ಖಾಲಿ ಕುರ್ಚಿಗಳ ನಡುವೆ

ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ನಮ್ಮ ರಗ್ಬಿ ತಂಡ, ಹಡರ್ಸ್‌ಫೀಲ್ಡ್ ಜೈಂಟ್ಸ್, ಇವತ್ತೂ ಸೋತಿತು. ಸುಮಾರು 24,000 ಜನ ಕೂರುವ ಕ್ರೀಡಾಂಗಣದಲ್ಲಿ ನಮ್ಮ ಸಾಲಿಗೆ ನಾಲ್ಕೇ ಮಂದಿ. ರಗ್ಬಿ ಗೆರೆಗಳ ಅಡಿಯಲ್ಲಿ ಫುಟ್‌ಬಾಲ್ ಗೆರೆಗಳ ಮಾಸಿದ ಗುರುತು ಕಾಣುತ್ತಿತ್ತು. 1994ರಿಂದ ಊರಿನ ಫುಟ್‌ಬಾಲ್ ತಂಡದ ಜೊತೆ ಹಂಚಿಕೊಂಡ ಅಂಗಳವಿದು. ಅವರ ಪಂದ್ಯದ ದಿನ ಗಿಜಿಗುಡುವ ಜಾಗ ನಮ್ಮ ಪಾಲಿಗೆ ಮದುವೆ ಮುಗಿದ ಛತ್ರದಂತೆ ಭಣಗುಡುತ್ತದೆ.

ಬೇರೆ ಊರಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನಮ್ಮ ತಂಡ ಆಡುವ ರಗ್ಬಿ ಲೀಗ್, ಅಂದರೆ ಮೂಲ ರಗ್ಬಿಯಿಂದ ಒಡೆದು ಬೇರೆಯಾದ ಆಟ, ಹುಟ್ಟಿದ್ದೇ ಇಲ್ಲಿ, ರೈಲು ನಿಲ್ದಾಣದ ಪಕ್ಕದ ಜಾರ್ಜ್ ಹೋಟೆಲಿನಲ್ಲಿ, 1895ರಲ್ಲಿ. ಗಣಿ, ಗಿರಣಿಗಳಲ್ಲಿ ದುಡಿಯುತ್ತಿದ್ದ ಆಟಗಾರರು ಪಂದ್ಯಕ್ಕಾಗಿ ಕಳೆದುಕೊಂಡ ಕೂಲಿಯನ್ನು ತುಂಬಿಕೊಡಿ ಎಂಬುದೇ ಅಂದಿನ ಜಗಳ. ಎಷ್ಟು ನ್ಯಾಯವಾದ ಜಗಳ! 1914-15ರಲ್ಲಿ ಈ ತಂಡ ತಾನು ಗೆಲ್ಲಬಹುದಾಗಿದ್ದ ನಾಲ್ಕೂ ಕಪ್ ಗೆದ್ದಿತ್ತು. ಕೊನೆಯ ಸಲ ಚಾಂಪಿಯನ್ ಆದದ್ದು 1962ರಲ್ಲಿ. 2022ರಲ್ಲಿ ರಗ್ಬಿ ಲೀಗ್‌ನ ನಾಕೌಟ್ ಪಂದ್ಯಾವಳಿಯಾದ ಚಾಲೆಂಜ್ ಕಪ್‌ನ ಫೈನಲ್ಲಿನಲ್ಲಿ ವಿಗನ್ ತಂಡದ ಎದುರು 16-14ರಿಂದ ಸೋತದ್ದು ಇಂದಿಗೂ ಚುಚ್ಚುತ್ತದೆ.

ಪಕ್ಕದ ಅಜ್ಜ ಕೆಂಪು-ಹೊನ್ನಿನ ಸ್ಕಾರ್ಫನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗಿಟ್ಟುಕೊಂಡರು. "ಮುಂದಿನ ಪಂದ್ಯಕ್ಕೆ ಬರುತ್ತೀಯಲ್ಲ?" ಎಂದು ಕೇಳಿದರು. ಟಿಕೆಟ್ ಆಗಲೇ ತೆಗೆದುಕೊಂಡಿದ್ದೇನೆ.