ಜಯನಗರದ ಮತದಾರರ ಪಟ್ಟಿ ನನಗೆ ಕಲಿಸಿದ್ದು

ನಾನು ಸರ್ಕಾರಿ ಶಾಲೆಯ ಶಿಕ್ಷಕಿ. ಜೊತೆಗೆ ಬೆಂಗಳೂರಿನ ಜಯನಗರ ವಿಧಾನಸಭಾ ಕ್ಷೇತ್ರದ ಒಂದು ಮತಗಟ್ಟೆಗೆ ಬಿಎಲ್‌ಒ, ಅಂದರೆ ಬೂತ್ ಮಟ್ಟದ ಅಧಿಕಾರಿ. ಪಟ್ಟಿಗೆ ಹೆಸರು ಸೇರಿಸುವುದು, ತೆಗೆಯುವುದು, ತಿದ್ದುವುದು, ಚುನಾವಣೆ ಹತ್ತಿರ ಬಂದಾಗ ಮನೆಮನೆಗೆ ವೋಟರ್ ಸ್ಲಿಪ್ ಹಂಚುವುದು ನನ್ನ ಕೆಲಸ. ಪ್ರತಿ ಸಲ ಚುನಾವಣೆ ಮುಗಿದ ಮೇಲೆ ಎರಡು ಮಾತು ಕೇಳಿಬರುತ್ತವೆ. 'ಬೆಂಗಳೂರಿನವರು ಸೋಮಾರಿಗಳು, ವೋಟ್ ಹಾಕಲ್ಲ' ಅನ್ನುವುದು ಒಂದು. 'ಆ ಏರಿಯಾ ಆ ಪಾರ್ಟಿದು ಬಿಡಿ' ಅನ್ನುವುದು ಇನ್ನೊಂದು. ಪಟ್ಟಿ ಹಿಡಿದು ಬೀದಿ ಸುತ್ತುವವರಿಗೆ ಈ ಎರಡು ಮಾತನ್ನೂ ಹಾಗೇ ಒಪ್ಪಿಕೊಳ್ಳುವುದು ಕಷ್ಟ.

ಮೊದಲು ಶೇಕಡಾವಾರು ಲೆಕ್ಕ. 2024ರ ಏಪ್ರಿಲ್ 26ರಂದು ಲೋಕಸಭೆಗೆ ಬೆಂಗಳೂರು ದಕ್ಷಿಣದಲ್ಲಿ ಶೇ 53.17 ಮತದಾನ ಆಯಿತು. ಪಕ್ಕದ ಬೆಂಗಳೂರು ಗ್ರಾಮಾಂತರದಲ್ಲಿ ಶೇ 68.30. ಈ ಅಂತರ ನೋಡಿ ಎಲ್ಲರೂ ಬೈಯುತ್ತಾರೆ. ಆದರೆ ಭಾಗಿಸುತ್ತಿರುವುದು ಯಾವ ಸಂಖ್ಯೆಯಿಂದ ಅಂತ ಯಾರೂ ಕೇಳುವುದಿಲ್ಲ.

ನನ್ನ ಭಾಗದಲ್ಲಿ ಮೂರು ಮಹಡಿಯ ಒಂದು ಮನೆ ಇದೆ. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು. ಪಟ್ಟಿಯಲ್ಲಿ ಆ ವಿಳಾಸಕ್ಕೆ ಹನ್ನೊಂದು ಹೆಸರಿತ್ತು. ಒಂದೊಂದೇ ಹೆಸರು ಓದುತ್ತಾ ಹೋದೆ, ಮಾಲೀಕರ ಹೆಂಡತಿ ಬಾಗಿಲಲ್ಲಿ ನಿಂತೇ ಉತ್ತರ ಕೊಟ್ಟರು. 'ಇವರು ನಮ್ಮ ಮಾವ, ತೀರಿಕೊಂಡರು. ಇವಳು ನಮ್ಮ ಮಗಳು, ಮದುವೆಯಾಗಿ ಪುಣೆಯಲ್ಲಿದ್ದಾಳೆ. ಇವರು ನಾಲ್ಕೂ ಜನ ಹಳೇ ಬಾಡಿಗೆಯವರು, ಖಾಲಿ ಮಾಡಿ ಎಷ್ಟೋ ದಿನ ಆಯ್ತು.' ಹನ್ನೊಂದರಲ್ಲಿ ಉಳಿದವರು ಐದೇ ಜನ. ಅದೇ ಹೊತ್ತಿಗೆ ಮಹಡಿಯಿಂದ ಈಗಿನ ಬಾಡಿಗೆ ಹುಡುಗ ಇಳಿದು ಬಂದ. ಅವನ ಹೆಸರು ಹಾಸನದ ಪಟ್ಟಿಯಲ್ಲಿದೆ. ಆ ಐದೂ ಜನ ತಪ್ಪದೆ ಮತ ಹಾಕಿದರೂ ಆ ಮನೆಯ ಮತದಾನ ಶೇ 50 ದಾಟುವುದಿಲ್ಲ.

ಇದನ್ನೇ ದೊಡ್ಡದು ಮಾಡಿ ನೋಡಿ. ಪಟ್ಟಿಯಲ್ಲಿ 1,000 ಹೆಸರಿದೆ, 540 ಮತ ಬಿತ್ತು ಅಂದುಕೊಳ್ಳಿ. ಶೇ 54. ಆ 1,000 ಹೆಸರಿನಲ್ಲಿ 200 ಜನ ಅಲ್ಲಿ ವಾಸವೇ ಇಲ್ಲ ಅಂದರೆ, ನಿಜವಾಗಿ ಇರುವವರ ಪೈಕಿ ಮತ ಹಾಕಿದವರು ಶೇ 67.5. ಮನೆಯಲ್ಲೇ ಕೂತು ಮತ ಹಾಕದವರೂ ಇದ್ದಾರೆ, ಅವರ ಪರವಾಗಿ ನಾನು ಮಾತಾಡುತ್ತಿಲ್ಲ. ಆದರೆ ಇಲ್ಲದವರ ಪಾಪವನ್ನೂ ಇರುವವರ ತಲೆಗೆ ಕಟ್ಟುವುದು ಸರಿಯಲ್ಲ ಅಲ್ವಾ?

ಹಾಗಾದರೆ ಹೆಸರು ತೆಗೆದುಬಿಡಿ ಅನ್ನುತ್ತಾರೆ. ಸುಮ್ನೆ ತೆಗೆಯೋಕೆ ಆಗಲ್ಲ, ಆಗಲೂಬಾರದು. ಹೆಸರು ತೆಗೆಯಲು ಕೊಡುವ ಅರ್ಜಿ ಫಾರಂ 7 ಬರಬೇಕು, ನಾನು ಹೋಗಿ ನೋಡಿ ವರದಿ ಕೊಡಬೇಕು, ಆಕ್ಷೇಪಣೆಗೆ ಅವಕಾಶ ಇರಬೇಕು. ಯಾರದೋ ಮಾತು ಕೇಳಿ ಒಬ್ಬರ ಹೆಸರು ಹೊಡೆದುಹಾಕಿದರೆ ಅವರ ಹಕ್ಕೇ ಹೋಯಿತು. ಪಟ್ಟಿ ಉಬ್ಬಿರುವುದಕ್ಕಿಂತ ಇದು ದೊಡ್ಡ ಅನ್ಯಾಯ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ.

ಇನ್ನು ಒಲವಿನ ವಿಷಯ. ಬಿಎಲ್‌ಒ ಆಗಿ ನಾನು ಯಾರನ್ನೂ 'ಯಾರಿಗೆ ಹಾಕ್ತೀರಿ' ಅಂತ ಕೇಳುವಂತಿಲ್ಲ, ಕೇಳುವುದೂ ಇಲ್ಲ. ಆದರೆ ಪಕ್ಷದವರ ಕೈಯಲ್ಲಿರುವ ಪಟ್ಟಿ ಕಣ್ಣಿಗೆ ಬೀಳುತ್ತದೆ. ಹೆಸರಿನ ಪಕ್ಕ ಪೆನ್ನಿನಲ್ಲಿ ಗುರುತು ಹಾಕಿರುತ್ತಾರೆ. ನಮ್ಮವರು, ಅವರವರು, ಡೌಟು. ಮತಗಟ್ಟೆವಾರು ಯಾರಿಗೆ ಎಷ್ಟು ಬಿತ್ತು ಅನ್ನುವುದು ಫಾರಂ 20ರಲ್ಲಿ ಬರುವುದರಿಂದ ಯಾವ ಬೂತ್ ಯಾರದು ಅನ್ನುವ ಲೆಕ್ಕ ಅವರಿಗೆ ಬಾಯಿಪಾಠ. ನಮ್ಮವರ ಮನೆಗೆ ಎರಡೆರಡು ಸಲ ಹೋಗುತ್ತಾರೆ. ಅವರವರು ಅಂತ ಗುರುತಿರುವ ಮನೆಯ ಗೇಟು ತೆರೆಯುವುದೂ ಇಲ್ಲ. ಯಾರೂ ಬಾಗಿಲು ತಟ್ಟದ ಮನೆಯವರು 'ನಾವು ಹೋದರೆಷ್ಟು, ಬಿಟ್ಟರೆಷ್ಟು' ಅಂತ ಕೂರುತ್ತಾರೆ. ಆಮೇಲೆ ಬಂದ ಫಲಿತಾಂಶ ನೋಡಿ ಇಡೀ ಏರಿಯಾಗೆ ಒಂದು ಬಣ್ಣ ಹಚ್ಚುತ್ತೇವೆ. ಅದು ಮತ ಹಾಕಿದವರ ಒಲವು. ಹಾಕದವರ ಮನಸ್ಸು ಯಾವ ಫಾರಂನಲ್ಲೂ ಇಲ್ಲ.

ಇದನ್ನು ಜಯನಗರಕ್ಕಿಂತ ಚೆನ್ನಾಗಿ ತೋರಿಸುವ ಕ್ಷೇತ್ರ ನನಗೆ ಗೊತ್ತಿಲ್ಲ. 2018ರಲ್ಲಿ ವಿಧಾನಸಭೆಗೆ ಇಲ್ಲಿ ಕಾಂಗ್ರೆಸ್‌ನ ಸೌಮ್ಯಾ ರೆಡ್ಡಿ 2,889 ಮತಗಳಿಂದ ಗೆದ್ದರು. 2023ರಲ್ಲಿ ಮರು ಎಣಿಕೆ ನಡೆದು, ಬಿಜೆಪಿಯ ಸಿ.ಕೆ. ರಾಮಮೂರ್ತಿ ಗೆದ್ದರು ಅಂತ ಘೋಷಣೆಯಾದಾಗ ತಡರಾತ್ರಿ. 57,797 ಮತ ಅವರಿಗೆ, 57,781 ಸೌಮ್ಯಾ ರೆಡ್ಡಿಗೆ. ಅಂತರ 16 ಮತ. ಮೂರು ಮನೆಯ ಜನ. ಮರುವರ್ಷ ಅದೇ ಸೌಮ್ಯಾ ರೆಡ್ಡಿ ಲೋಕಸಭೆಗೆ ನಿಂತರು. ಜಯನಗರವೂ ಸೇರಿದ ಬೆಂಗಳೂರು ದಕ್ಷಿಣದಲ್ಲಿ ಬಿಜೆಪಿಯ ತೇಜಸ್ವಿ ಸೂರ್ಯ 2,77,083 ಮತಗಳಿಂದ ಗೆದ್ದರು. ಲೋಕಸಭಾ ಕ್ಷೇತ್ರ ಎಂಟು ವಿಧಾನಸಭಾ ಕ್ಷೇತ್ರಗಳಷ್ಟು ದೊಡ್ಡದು, ನಿಜ. ಆದರೂ ಶಾಸಕರನ್ನು ಆರಿಸುವಾಗ ಒಂದು ಲೆಕ್ಕ, ದೆಹಲಿಗೆ ಕಳಿಸುವಾಗ ಇನ್ನೊಂದು ಲೆಕ್ಕ ಅನ್ನುವವರು ನನ್ನ ಬೀದಿಯಲ್ಲೇ ಬೇಕಾದಷ್ಟಿದ್ದಾರೆ.

ಮನೆಯಿಂದಲೇ ಮತ ಹಾಕುವ ವ್ಯವಸ್ಥೆಯನ್ನೂ ಹೇಳಬೇಕು. 2024ರಲ್ಲಿ 85 ದಾಟಿದವರಿಗೆ ಈ ಅವಕಾಶ ಇತ್ತು. ನನ್ನ ಭಾಗದ ಒಬ್ಬ ಅಜ್ಜಿಗೆ ಮೆಟ್ಟಿಲು ಇಳಿಯೋಕೇ ಆಗಲ್ಲ. ಅದಕ್ಕೆ ಬೇಕಾದ ಅರ್ಜಿ, ಫಾರಂ 12ಡಿ, ಅವರಿಂದ ತುಂಬಿಸಿಕೊಂಡೆ. ಸಿಬ್ಬಂದಿ ಊಟದ ಮೇಜಿನ ಮೇಲೆ ರಟ್ಟಿನ ಮರೆ ಇಟ್ಟರು. ಮಗ ಹತ್ತಿರ ಬಂದಾಗ ಅಜ್ಜಿ 'ನೀನು ಆಚೆ ಹೋಗು' ಅಂದರು. ಅದೇ ಮಗ ವಾರದ ಹಿಂದೆ 'ನಮ್ಮನೆ ವೋಟೆಲ್ಲ ಒಂದೇ ಕಡೆ' ಅಂತ ನನಗೆ ಹೇಳಿದ್ದರು.

ಈ ಅನುಭವದಿಂದ ನನ್ನ ಕೆಲಸದ ಕ್ರಮ ಬದಲಾಗಿದೆ. ನಮ್ಮ ಕಡೆ ಬಾಡಿಗೆ ಮನೆ ಬದಲಾಗುವುದು ಮೇ, ಜೂನ್‌ನಲ್ಲೇ ಜಾಸ್ತಿ, ಮಕ್ಕಳ ಶಾಲೆ ಶುರುವಾಗುವ ಹೊತ್ತಿಗೆ. ಹಾಗಾಗಿ ಚುನಾವಣೆ ಇರಲಿ, ಇಲ್ಲದಿರಲಿ, ಜೂನ್ ಕೊನೆಯಲ್ಲಿ ಒಂದು ಸುತ್ತು ಹೋಗುತ್ತೇನೆ. ಹೊಸಬರಿಗೆ ಹೇಳುವುದು ಇಷ್ಟೇ. ಹಳೇ ಊರಲ್ಲಿ ಹೆಸರಿದ್ದರೆ ಫಾರಂ 6 ತುಂಬಬೇಡಿ, ಅದು ಮೊದಲ ಸಲ ಸೇರುವವರಿಗೆ. ವಿಳಾಸ ಬದಲಾದರೆ ಫಾರಂ 8. ಫಾರಂ 6 ತುಂಬಿದರೆ ಹೆಸರು ಎರಡು ಕಡೆ ಉಳಿಯುವ ಸಾಧ್ಯತೆ ಇದೆ. ಬಾಡಿಗೆಯವರ ಹೆಸರು ಪಟ್ಟಿಗೆ ಸೇರಿದರೆ ಮನೆ ಕೈತಪ್ಪುತ್ತದೆ ಅಂತ ಹೆದರುವ ಮಾಲೀಕರಿಗೂ ಕೂತು ವಿವರಿಸುತ್ತೇನೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಯಾರಿಗೂ ಮನೆಯ ಮೇಲೆ ಹಕ್ಕು ಬರುವುದಿಲ್ಲ.